ಬೆಳೆಯುವ ಕಲ್ಲು

ದ್ವೀಪದ ಸುಣ್ಣಕಲ್ಲಿನ ಗುಹೆ ನೋಡಿ ಸಂಜೆಯೊಳಗೆ ಮರಳಬೇಕೆಂದು ಕೋತಿಯೊಂದು ಹಸಿ ಕೊಬ್ಬರಿ ಮೆಲ್ಲುತ್ತ ಬಂದಿತು. ಗುಹೆಯ ಮುದಿ ಬಾವಲಿ ಅದನ್ನು ಒಳಗೆ ಕರೆದೊಯ್ದು, ಚಾವಣಿಯಿಂದ ಇಳಿಬಿದ್ದ ಬಿಳಿ ಕಲ್ಲೊಂದನ್ನು ತೋರಿಸಿತು. ಕಲ್ಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದು ಬೆಳೆಯುವ ಕಲ್ಲು. ನನ್ನ ಅಜ್ಜಿಯ ಅಜ್ಜಿ ಕಂಡದ್ದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಉದ್ದವಾಗಿದೆ."

"ಕಲ್ಲು ಬೆಳೆಯುವುದುಂಟೇ ಅಜ್ಜಿ? ಏನು ತಿನ್ನುತ್ತದೆ?"

"ಈ ನೀರಿನಲ್ಲಿರುವ ಸುಣ್ಣವೇ ಅದರ ಊಟ."

"ನಿದ್ದೆ ಮಾಡುತ್ತದೆಯೇ? ಮೈ ಬೆಚ್ಚಗಿದೆಯೇ?" ಎನ್ನುತ್ತ ಕೋತಿ ಕೈ ಚಾಚಿತು.

"ಮುಟ್ಟಬೇಡ! ಕೈಯ ಜಿಡ್ಡು ತಾಗಿದ ಕಡೆ ಮತ್ತೆ ಸುಣ್ಣ ಕೂರುವುದಿಲ್ಲ."

"ಒಂದೇ ಒಂದು ಬೆರಳು, ಅಜ್ಜಿ. ಜೀವ ಇದೆಯೋ ಇಲ್ಲವೋ ತಿಳಿದರೆ ಸಾಕು."

ಬಾವಲಿ ಬಾಗಿಲ ಬಳಿಯ ಇನ್ನೊಂದು ಕಲ್ಲಿನತ್ತ ಹಾರಿತು. ಅದು ಕರ್ರಗೆ, ನುಣ್ಣಗೆ, ಒಣಗಿ ನಿಂತಿತ್ತು.

"ಇದನ್ನು ಎಷ್ಟು ಬೇಕಾದರೂ ಮುಟ್ಟು."

ಕೋತಿ ಎರಡೂ ಕೈಯಿಂದ ತಡವಿ ನೋಡಿತು. "ಇದು ಬೆಳೆಯುತ್ತಿಲ್ಲವೇ?"

"ಇಲ್ಲ. ಸತ್ತು ಬಹಳ ಕಾಲವಾಯಿತು."

"ಅಯ್ಯೋ! ಕೊಂದವರು ಯಾರು?"

"ಜೀವ ಇದೆಯೇ ಎಂದು ಒಂದೇ ಒಂದು ಬೆರಳಿಟ್ಟು ನೋಡಿದವರು."