ಬೀಗರ ಹೆಸರೊಂದೇ ಇದ್ದ ಹಲಗೆ

“ಪಟ್ಟಿಗೆ ನಾನು ಸೇರಿಸಿದ್ದು ಒಂದೇ ಹೆಸರು, ಮೇಷ್ಟ್ರೇ. ನಲವತ್ತು ಜನ ಹೊರಗೆ ಬಿದ್ದದ್ದು ಹೇಗೆ?” ಎಂದು ಸುಗುಣ ಕೇಳಿದಳು.

ಕಚೇರಿಯ ಸರ್ವರ್‌ಗೆ ಯಾರು ಯಾರು ಪ್ರವೇಶಿಸಬಹುದು ಎಂಬ ಪಟ್ಟಿ ಅವಳ ಸುಪರ್ದಿಯಲ್ಲಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವನಿಗಾಗಿ ಅವಳು ಇನ್ನೊಂದು ಫೈಲಿನಲ್ಲಿ ಅದೇ ಹೆಸರಿನ ಪಟ್ಟಿಯನ್ನು ಹೊಸದಾಗಿ ಶುರು ಮಾಡಿ, ಅವನೊಬ್ಬನ ಹೆಸರು ಬರೆದಿದ್ದಳು. ಈಗ ಅವನು ಒಳಗಿದ್ದ. ಉಳಿದವರು ಕೆಲಸ ಮಾಡಲಾಗದೆ ಕ್ಯಾಂಟೀನಿನಲ್ಲಿದ್ದರು. ಬೆಳಗ್ಗೆಯೇ ಸರ್ವರ್ ಒಳಹೊಕ್ಕವಳು ಹೊರಬಂದಿರಲಿಲ್ಲವಾದ್ದರಿಂದ ಸುಗುಣ ಹೇಗೋ ಉಳಿದುಕೊಂಡಿದ್ದಳು. ಮಧ್ಯಾಹ್ನದೊಳಗೆ ಇದು ಸರಿಹೋಗದಿದ್ದರೆ ಅವಳ ಕೆಲಸ ಉಳಿಯುವಂತಿರಲಿಲ್ಲ.

ಅವಳಿಗೆ ಈ ಕೆಲಸ ಕಲಿಸಿದ್ದ ನಾಗಲಿಂಗಯ್ಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ಬಾಗಿಲಿಗೆ ಒಬ್ಬ ಕಾವಲುಗಾರನಿದ್ದ. ಇವನಿಗೆ ಏನು ಮಾಡಬೇಕೆಂದು ಹೇಳಬೇಕಾಗಿರಲಿಲ್ಲ, ಮನೆ ಹೇಗಿರಬೇಕೆಂದು ಹೇಳಿದರೆ ಸಾಕಿತ್ತು. ಪಡಸಾಲೆಯಲ್ಲಿ ಒಂದು ಹಲಗೆ ತೂಗುಹಾಕಿತ್ತು. ಅದರಲ್ಲಿ ಹೆಸರಿದ್ದವರು ಒಳಗಿರಬೇಕು, ಇಲ್ಲದವರು ಹೊರಗಿರಬೇಕು. ಅವನು ಗಳಿಗೆಗೊಮ್ಮೆ ಬಂದು ಹಲಗೆ ನೋಡುತ್ತಿದ್ದ, ಮನೆಯನ್ನು ಹಲಗೆಯಲ್ಲಿದ್ದಂತೆ ಮಾಡಿ ಹೋಗುತ್ತಿದ್ದ. ಮೊದಲೇ ಹಾಗಿದ್ದರೆ ಸುಮ್ಮನೆ ಹೋಗುತ್ತಿದ್ದ. ಅಂಥ ಒಳ್ಳೆಯ ಆಳು ನನಗಂತೂ ಸಿಕ್ಕಿಲ್ಲ.

ವ್ಯಾಪಾರಿಯ ಮಗಳ ಮದುವೆ ಬಂತು. ಬೀಗರನ್ನು ಬಾಗಿಲಲ್ಲಿ ತಡೆದುಬಿಟ್ಟರೆ ಗತಿಯೇನು ಎಂದು ಅವನಿಗೆ ಭಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಹಳೆಯ ಹಲಗೆಯಲ್ಲಿ ಜಾಗ ಹುಡುಕುವ ತಾಳ್ಮೆಯಿಲ್ಲದೆ ಅದರ ಮೇಲೊಂದು ಹೊಸ ಹಲಗೆ ತೂಗುಹಾಕಿ, ‘ಬೀಗರ ಕಡೆಯವರು’ ಎಂದು ದಪ್ಪಕ್ಷರದಲ್ಲಿ ಬರೆದ. ಹಳೆಯದು ಹಿಂದೆ ಇದ್ದೇ ಇದೆಯಲ್ಲ ಎಂದುಕೊಂಡ.

ಕಾವಲುಗಾರ ಬಂದು ಹಲಗೆ ನೋಡಿದ. ಸ್ವಲ್ಪ ಹೊತ್ತಿನಲ್ಲೇ ಮದುಮಗಳು, ಅಜ್ಜಿ, ಪುರೋಹಿತರು, ಸೌಟು ಹಿಡಿದ ಅಡಿಗೆಯವರು ಎಲ್ಲರೂ ಬೀದಿಯಲ್ಲಿದ್ದರು. ಒಳಗೆ ಬೀಗರು ಮಾತ್ರ ಕೂತಿದ್ದರು. ಅವರಿಗೆ ನೀರು ಕೊಡುವವರಿಲ್ಲ. ಕೊಡಲಿಲ್ಲವೆಂದು ಸಿಟ್ಟಾಗೋಣವೆಂದರೆ ಎದುರಿಗೆ ಯಾರೂ ಇಲ್ಲ. ಕೊನೆಗೆ ವ್ಯಾಪಾರಿಯನ್ನೂ ಕಾವಲುಗಾರ ಕೈಮುಗಿದೇ ಹೊರಗೆ ಕಳಿಸಿದ.

“ಇದು ನನ್ನ ಮನೆ ಕಣೋ.”

“ಹೌದು ಧಣಿ. ಹಲಗೆಯಲ್ಲಿ ತಾವಿಲ್ಲ.”

ಮುಹೂರ್ತಕ್ಕೆ ಅರ್ಧ ಗಂಟೆಯಿತ್ತು. ಹಲಗೆ ಒಳಗೆ, ವ್ಯಾಪಾರಿ ಹೊರಗೆ. ಅವನು ಕಿಟಕಿಗೆ ಮುಖವಿಟ್ಟು ಒಬ್ಬೊಬ್ಬರನ್ನೇ ಹೆಸರಿಸಿದ. ಬೀಗರೇ ಸೀಮೆಸುಣ್ಣ ಹಿಡಿದು ತಮ್ಮ ಹೆಸರಿನ ಕೆಳಗೆ ಬರೆಯುತ್ತ ಹೋದರು. ಮಗಳು, ಹೆಂಡತಿ, ತಾಯಿ, ಪುರೋಹಿತರು, ಅಡಿಗೆಯವರು, ಓಲಗದವರು. ಆರು ವರ್ಷದಿಂದ ಮಾತು ಬಿಟ್ಟಿದ್ದ ಷಡ್ಡಕನನ್ನೂ ಅವನು ಮರೆಯಲಿಲ್ಲ. ಎಲ್ಲರೂ ಒಳಗೆ ಹೋದರು, ಓಲಗ ಶುರುವಾಯಿತು. ಒಂದು ಹೆಸರು ಉಳಿದುಹೋಗಿದೆ ಎಂದು ಅವನಿಗೆ ಹೊಳೆದದ್ದು ಆಗ. ಕೂಗಿದ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಡ ಎಲ್ಲೋ ಊಟದ ಉಸ್ತುವಾರಿಯಲ್ಲಿದ್ದಾನೆ ಎಂದು ಹೆಂಡತಿ ಅಂದುಕೊಂಡಳು. ಮುಹೂರ್ತ ಮೀರುತ್ತದೆಂದು ಸೋದರಮಾವ ಧಾರೆ ಎರೆದ. ಹೆತ್ತ ತಂದೆ ಬೀದಿಯಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆ ಅಕ್ಷತೆ ಎಸೆದ. ಅರ್ಧ ಅವನ ತಲೆಯ ಮೇಲೆಯೇ ಬಿತ್ತು. ಪಾಪ, ಅವನು ಅತ್ತುಬಿಟ್ಟ.

ಸುಗುಣ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅರ್ಥವಾಯಿತು ಮೇಷ್ಟ್ರೇ. ಹೊಸ ಪಟ್ಟಿ ಹಳೆಯದಕ್ಕೆ ಸೇರುವುದಿಲ್ಲ, ಹಳೆಯದನ್ನು ಮುಚ್ಚಿಬಿಡುತ್ತದೆ. ನೀವು ಕತೆ ಹೇಳುತ್ತಿದ್ದಾಗಲೇ ಎಲ್ಲರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದುಬಿಟ್ಟೆ. ಹಳಬರು ನಲವತ್ತು, ಹೊಸಬನೊಬ್ಬ. ಕಳಿಸಿಬಿಡಲೇ?”

ಮೇಷ್ಟ್ರು ಪರದೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, ಕೇಳಿದರು:

“ಇದರಲ್ಲಿ ನೀನು ಎಲ್ಲಿದ್ದೀಯಮ್ಮ?”