ಗೋಣೆಪ್ಪ ಗಾಡಿಗೆ ಚಾರ್ಜ್ ಹಾಕಿದ್ದು

ಕೇಳ್ರಪ್ಪಾ ಕೇಳ್ರಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಕೆಂಚಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಗೋಣೆಪ್ಪ. ಆಳೇನೋ ಆರಡಿ, ಬುದ್ಧಿ ಮಾತ್ರ ಗೇಣೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ!

ಮಂಡಕ್ಕಿ ಸಾಗಿಸಲು ಕೆಂಚಮ್ಮ ಪುಟ್ಟದೊಂದು ಕರೆಂಟಿನ ಲಾರಿ ತಂದಳು. ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿ ರೇವಣ್ಣ ಖಡಕ್ಕಾಗಿ ಹೇಳಿದ್ದ: "ಶನಿವಾರ ನಾಲ್ಕಕ್ಕೆ ಮೂವತ್ತು ಚೀಲ ಬರ್ಬೇಕು ಕೆಂಚಮ್ಮಕ್ಕ. ಮೊನ್ನೆ ತಡ ಆತು. ಈ ಸಲನೂ ಆದ್ರೆ ಬೇರೆ ಭಟ್ಟಿ ನೋಡ್ಕೋತೀನಿ." ಆ ಅಂಗಡಿ ಕೈತಪ್ಪಿದರೆ ಭಟ್ಟಿಯನ್ನೇ ಮುಚ್ಚಬೇಕು.

ಗುರುವಾರ ವೈರಿಂಗ್ ಮೇಸ್ತ್ರಿ ನಾಗೇಂದ್ರಪ್ಪ ಚಾರ್ಜರ್ ಪೆಟ್ಟಿಗೆ ಹೊತ್ತು ಬಂದ. "ಪೆಟ್ಟಿಗೆ ಈ ಗೋಡೆಗೆ ಕೂರಿಸ್ತೀನಿ. ಗಾಡಿನ ಗೋಡೆಗೆ ತಾಗಿಸಿ ನಿಲ್ಲಿಸಪ್ಪಾ," ಅಂದ.

ಗೋಣೆಪ್ಪ ತಾಗಿಸಿದ. ಎಷ್ಟು ತಾಗಿಸಿದ? ಕನ್ನಡಿ ಪುಡಿಪುಡಿ! ಗಾಡಿಗೆ ಚಾರ್ಜ್ ಹಾಕುವ ತೂತಿನ ಮುಚ್ಚಳ ಗೋಡೆಗೇ ಒತ್ತಿಕೊಂಡಿದೆ!

"ಅಯ್ಯೋ ಪೆದ್ದಾ!" ಕೆಂಚಮ್ಮ ಕೂಗಿದಳು. "ಯಾವುದರ ಹತ್ರ ನಿಂತ್ರೂ ಒಂದು ಮಾರು ಜಾಗ ಬಿಡ್ಬೇಕೋ!"

"ಹೂಂ ಅವ್ವಾ, ಇನ್ನು ಹಂಗೇ ಮಾಡ್ತೀನಿ."

ಮೇಸ್ತ್ರಿ ಏಣಿ ಹತ್ತಿದ. "ಏಣಿ ಹತ್ರ ನಿಂತ್ಕೋ ಗೋಣೆಪ್ಪಾ, ಜಾರೀತು!" ಗೋಣೆಪ್ಪ ಕೈ ಚಾಚಿ ಒಂದು ಮಾರು ಅಳೆದು ಅಲ್ಲಿ ನಿಂತ. ಏಣಿ ಸರ್ರನೆ ಜಾರಿತು, ಮೇಸ್ತ್ರಿ ಧೊಪ್ಪನೆ ಬಿದ್ದ. ಪುಣ್ಯಕ್ಕೆ ಬಿದ್ದದ್ದು ಮಂಡಕ್ಕಿ ರಾಶಿಯ ಮೇಲೆ! ಮೀಸೆ ತುಂಬ ಮಂಡಕ್ಕಿ ಅಂಟಿಸಿಕೊಂಡು ಎದ್ದು ಕೂತ. ಕೆಂಚಮ್ಮನಿಗೆ ಹೋದ ಜೀವ ಬಂತು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೋಬೇಕು, ಕೆಲಸ ಮುಗಿಯೋ ತನಕ ಬಿಡಬಾರದು!"

"ಹೂಂ ಅವ್ವಾ, ಇನ್ನು ಹಂಗೇ ಮಾಡ್ತೀನಿ."

ಅಂತೂ ಪೆಟ್ಟಿಗೆ ಕೂತಿತು, ಹಸಿರು ದೀಪ ಹತ್ತಿತು. ಶನಿವಾರ ಬೆಳಿಗ್ಗೆ ಮಗನಿಗೆ ಚಾರ್ಜ್ ಹಾಕಲು ಹೇಳಿ ಕೆಂಚಮ್ಮ ಭಟ್ಟಿಗೆ ಹೋದಳು. ಹನ್ನೆರಡಕ್ಕೆ ಬಂದು ನೋಡಿದರೆ, ವೈರಿನ ತುದಿಯ ಗನ್ನನ್ನು ಗಾಡಿಗೆ ಸಿಕ್ಕಿಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಾನೆ ಮಹರಾಯ! ತಿಂಡಿಯಿಲ್ಲ, ನೀರಿಲ್ಲ. ಒಂದು ಚೀಲವನ್ನೂ ಹೇರಿಲ್ಲ.

"ಬಿಡೋ ಅದನ್ನ! ತಾನೇ ತುಂಬ್ಕೊಳ್ತೈತೆ! ಬೇಗ ಚೀಲ ಹೇರಿ ರೇವಣ್ಣನಿಗೆ ಮುಟ್ಟಿಸು. ಗಾಡಿಯಾಗೆ ಹಾಡು ಹಾಕ್ಕೊಂಡು ಚಾರ್ಜ್ ಹಾಳು ಮಾಡಬೇಡ. ಚಾರ್ಜಿನ ಒಂದು ಗೆರೆನೂ ಇಳೀಬಾರದು, ನೋಡು!"

"ಹೂಂ ಅವ್ವಾ, ಹಂಗೇ ಮಾಡ್ತೀನಿ."

ಮೂರೂವರೆಗೆ ರೇವಣ್ಣನ ಫೋನು. ಕೆಂಚಮ್ಮ ಓಡಿ ಬಂದು ಎತ್ತಿದಳು.

"ಕೆಂಚಮ್ಮಕ್ಕ, ಮೂವತ್ತೂ ಚೀಲ ಬಂದ್ವು, ಹೊತ್ತಿಗೆ ಮುಂಚೇನೇ. ಮುಂದಿನ ವಾರನೂ ನೀವೇ ಕಳಿಸ್ರಿ. ಆದ್ರೆ..."

"ಆದ್ರೆ ಏನಣ್ಣಾ?"

"ಕರೆಂಟ್ ಗಾಡಿನ ಎತ್ತು ಎಳ್ಕೊಂಡು ಬಂದ್ವಲ್ಲಕ್ಕಾ! ಜನ ಮಿರ್ಚಿ ಬಿಟ್ಟು ಎದ್ದು ನಿಂತಾರೆ!"

ಭಟ್ಟಿಗೆ ಹೊಟ್ಟು ತರುವ ಮಾರಜ್ಜನ ಎತ್ತಿನ ಜೋಡಿಯನ್ನು ಲಾರಿಯ ಮುಂದೆ ಕಟ್ಟಿ, ತಾನು ಸ್ಟೇರಿಂಗ್ ಹಿಡಿದು, ಗೋಣೆಪ್ಪ ಪೇಟೆ ತುಂಬ ಮೆರವಣಿಗೆ ಹೋಗಿದ್ದ! ಕೆಂಚಮ್ಮ ಕಟ್ಟೆಯ ಮೇಲೆ ಕೂತಳು. ಅಂಗಡಿ ಉಳಿಯಿತಲ್ಲ, ಭಟ್ಟಿ ಉಳಿಯಿತಲ್ಲ! ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಐದಕ್ಕೆ ಮೆರವಣಿಗೆ ವಾಪಸು ಬಂತು. ಹಿಂದೆ ಮಾರಜ್ಜನೂ ಬಂದ.

"ಅವ್ವಾ, ನೋಡು! ಒಂದು ಗೆರೆನೂ ಇಳಿದಿಲ್ಲ!"

"ಇಳಿದ್ರೆ ಇಳೀಲಿ ಬಿಡೋ ನನ್ನಪ್ಪಾ! ದುಡಿದು ಸುಸ್ತಾಗಿ ಬಂದದ್ದಕ್ಕೆ ಮತ್ತೆ ಚಾರ್ಜ್ ಹಾಕಿದ್ರಾತು. ಗೋಡೆಗೆ ಆ ಪೆಟ್ಟಿಗೆ ಹಾಕ್ಸಿದ್ದು ಅದಕ್ಕೇ ಅಲ್ಲೇನೋ?"

"ಹೂಂ ಅವ್ವಾ, ಈಗ್ಲೇ ಹಾಕ್ತೀನಿ."

ಕೆಂಚಮ್ಮ ನಿರಾಳವಾಗಿ ಚಹಾಕ್ಕಿಡಲು ಒಳಗೆ ಹೋದಳು. ನೀರು ಕುದಿಯುವಷ್ಟರಲ್ಲಿ ಅಂಗಳದಲ್ಲಿ ಮಾರಜ್ಜ ಬಾಯಿ ಬಾಯಿ ಬಡಿದುಕೊಳ್ಳುವುದು ಕೇಳಿತು. ಓಡಿ ಬಂದು ನೋಡಿದರೆ, ಗೋಣೆಪ್ಪ ಚಾರ್ಜರಿನ ಗನ್ನು ಹಿಡಿದು, ಏದುಸಿರು ಬಿಡುತ್ತಿದ್ದ ಎತ್ತಿನ ಸುತ್ತ ಸುತ್ತುತ್ತಿದ್ದಾನೆ. ಕೊಂಬಿನ ಬುಡ ತಡವಿದ. ಕಿವಿ ಮಡಚಿ ನೋಡಿದ. ಕೊನೆಗೆ ಬಾಲ ಎತ್ತಿ ಹಿಡಿದು ಕೂಗಿದ:

"ಅವ್ವಾ, ಇದರ ಮುಚ್ಚಳ ಯಾವ ಕಡೆ ಐತೆ?"