ಯಂತ್ರದ ಹಣೆ

"ಗುರುಗಳೇ, ಬೇಡ ಅಂದದ್ದನ್ನೇ ಜನ ಮಾಡುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಇನ್ನೆಷ್ಟು ಜೋರಾಗಿ ಹೇಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಹಾಲು ಪರೀಕ್ಷಿಸುವ ಯಂತ್ರ ಮಾಡಿದ. ಒಳಗೆ ಹಾಲು ಸುರಿದರೆ, ಮುಂದಿನ ದುಂಡು ಗಾಜಿನಿಂದ ಬೆಳಕು ಹಾಯ್ದು, ಹಾಲು ಗಟ್ಟಿಯೋ ನೀರೋ ಎಂದು ತೋರಿಸುತ್ತಿತ್ತು. ಬಳಸುವವರಿಗೆ ಕೈಪಿಡಿಯನ್ನೂ ತಾನೇ ಬರೆದ. ಅಂಥ ಕೈಪಿಡಿ ಆ ಸೀಮೆಯಲ್ಲೇ ಇರಲಿಲ್ಲ ಬಿಡು. ಗುಂಡಿ, ತಂತಿ, ಬಿಸಿ, ತಂಪು, ಯಾವುದನ್ನೂ ಬಿಟ್ಟಿರಲಿಲ್ಲ. ಮೊದಲ ಯಂತ್ರ ಒಂದು ಹಳ್ಳಿಯ ಮಹಿಳಾ ಡೈರಿಗೆ ಹೋಯಿತು. ಅಲ್ಲಿ ಒಪ್ಪಿಗೆಯಾದರೆ ಅವನ ಕಸುಬು ಉಳಿಯಿತು. ವಾಪಸು ಬಂದರೆ ಅಂಗಡಿಗೆ ಬೀಗ.

ವಾರದೊಳಗೆ ಡೈರಿಯ ಅಧ್ಯಕ್ಷೆ ಹೇಳಿ ಕಳಿಸಿದಳು. ಹೋಗಿ ನೋಡಿದರೆ ಗಾಜಿನ ತುಂಬ ಕುಂಕುಮ.

"ಏನು ತಮ್ಮಾ, ನಿನ್ನ ಯಂತ್ರ ಎಲ್ಲರ ಹಾಲನ್ನೂ ನೀರು ಅನ್ನುತ್ತೆ. ನಮ್ಮೂರ ಎಮ್ಮೆಗಳೆಲ್ಲ ಮಾತಾಡಿಕೊಂಡು ಕೆಟ್ಟವಾ?"

"ಅಕ್ಕಾ, ಕಣ್ಣಿಗೇ ಕುಂಕುಮ ಮೆತ್ತಿದರೆ ಅದಕ್ಕೆ ಕಾಣೋದಾದರೂ ಹೇಗೆ?"

"ಮತ್ತೆ? ಬರಿ ಹಣೆಯಲ್ಲಿ ಕೆಲಸಕ್ಕೆ ಕೂರಿಸೋಕಾಗುತ್ತಾ?"

ಅವನು ಗಾಜು ಒರೆಸಿದ. ಕೈಪಿಡಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದ: 'ಗಾಜಿಗೆ ಕುಂಕುಮ ಹಚ್ಚಬೇಡಿ.' ಮುಂದಿನ ಶುಕ್ರವಾರ ಗಾಜಿಗೆ ಅರಿಶಿನ ಬಂತು. ಕೆಂಪು ಅಕ್ಷರದಲ್ಲಿ ಅದೂ ಬೇಡ ಎಂದ. ವಿಭೂತಿ ಬಂತು.

"ಇನ್ನೊಂದು ಸಲ ನಮ್ಮ ಹಾಲನ್ನು ನೀರು ಅಂದರೆ, ಯಂತ್ರ ಹೊತ್ತುಕೊಂಡು ಹೊರಡು" ಎಂದಳು ಅಧ್ಯಕ್ಷೆ.

ಅವನು ಊರಿಗೆ ಹೋಗದೆ ಡೈರಿಯಲ್ಲೇ ಕೂತು ನೋಡಿದ. ಅಧ್ಯಕ್ಷೆ ಯಂತ್ರ ಒರೆಸಿದಳು. ಬೆರಳಿಗೆ ಕುಂಕುಮ ತೆಗೆದುಕೊಂಡಳು. ಆ ಬೆರಳು ಯಂತ್ರದ ಮೇಲೆಲ್ಲ ಹಣೆ ಹುಡುಕಿತು. ದುಂಡಗೆ ಕಂಡದ್ದು ಗಾಜೊಂದೇ.

ಅವನು ಎದ್ದು ಅವಳ ಕೈ ತಡೆದ. ಬಣ್ಣ ತಂದು ಯಂತ್ರದ ಮುಚ್ಚಳದ ಮೇಲೆ ದುಂಡಗೆ ಬಿಳಿಯ ಗುರುತು ಬರೆದ. ಕೈಪಿಡಿಯ ಮೊದಲ ಪುಟ ಹರಿದು ಹೊಸದಾಗಿ ಬರೆದ: 'ಮೊದಲು ಬಿಳಿಯ ಗುರುತಿಗೆ ಕುಂಕುಮ ಇಡಿ. ಕೈ ತೊಳೆಯಿರಿ. ಆಮೇಲೆ ಹಾಲು ಸುರಿಯಿರಿ.' ಗಾಜಿನ ಮಾತನ್ನೇ ಎತ್ತಲಿಲ್ಲ.

"ಹಣೆಯೇ ಇಲ್ಲದ ಯಂತ್ರ ಕೊಟ್ಟು ನಮ್ಮ ಮೇಲೆ ಸಿಟ್ಟಾಗಿದ್ದೆಯಲ್ಲೋ!" ಎಂದು ಅಧ್ಯಕ್ಷೆ ನಕ್ಕಳು.

ಯಂತ್ರ ಅಲ್ಲೇ ಉಳಿಯಿತು. ಪಕ್ಕದ ಊರಿನವರೂ ಬಂದು, ಬೊಟ್ಟಿಟ್ಟ ಯಂತ್ರವೇ ಬೇಕು ಅಂದರು.

"ಹಾಗಾದರೆ ಬೇಡ ಅನ್ನಲೇಬಾರದೇ?" ಎಂದ ಶಿಷ್ಯ.

ಗುರುಗಳು ಹೇಳಿದರು: "ಅನ್ನಬಹುದಪ್ಪ, ಆದರೆ 'ಹಾಗಾದರೆ ಎಲ್ಲಿ ಇಡಲಿ?' ಅಂತ ನಿನ್ನ ಜನ ಕೇಳಿದಾಗ ನೀನು ಏನು ಹೇಳಿದೆ?"